ಮಾನವೆಂದರೇನು?

ಕನ್ನಡದಲ್ಲಿ ‘ಮಾನ’ವೆಂದರೆ ಗೌರವವೂ ಹೌದು, ಅಳತೆಯೂ ಹೌದು.

ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನು ಭೀಮನ ಮೂದಲೆಯನ್ನು ತಾಳಲಾರದೆ ಹೊರಬಂದು ಪ್ರಾಣವನ್ನೇ ತೆತ್ತನು. ಪರರ ಮಾತಿಗೆ ಕೆರಳುವ ಮಾನ ಅದು.

ನಮ್ಮ ದೇವನಹಳ್ಳಿ ಕಂಡ ಮಾನವೇ ಬೇರೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪೂ ಸುಲ್ತಾನನು 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಗಿತ್ತು. ಅದಕ್ಕೆ ಒತ್ತೆಯಾಗಿ ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದನು. ಹಣ ತೀರಿಸಿ, 1794ರಲ್ಲಿ ದೇವನಹಳ್ಳಿಯಲ್ಲಿ ಅವರನ್ನು ಮರಳಿ ಪಡೆದನು. ಸೋತವನಿಗೂ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮಾನವುಂಟು.

ನಿತ್ಯಜೀವನದಲ್ಲಿಯೂ ಹಾಗೆಯೇ. ಯಾರೂ ಅಳೆದು ನೋಡದಿದ್ದರೂ ಸೀರೆಯನ್ನು ಒಂದು ಗೇಣೂ ಕಡಿಮೆ ನೇಯದ ದೊಡ್ಡಬಳ್ಳಾಪುರದ ನೇಕಾರನಲ್ಲಿ ಆ ಶಬ್ದದ ಎರಡರ್ಥಗಳೂ ಒಂದಾಗುತ್ತವೆ. ನಾಲ್ಕು ಜನ ಏನೆಂದಾರೋ ಎಂದಂಜಿ, ತೀರಿಸಲಾರದ ಸಾಲ ಮಾಡಿ ಮಗಳ ಮದುವೆ ಮಾಡುವ ನಾವು ಕಾಯುತ್ತಿರುವುದು ಯಾವ ಮಾನ? ನೀವೇ ಅಳೆದು ನೋಡಿ.