ಎಲ್ಲ ಯಂತ್ರಕ್ಕೂ ಹೊಂದುವ ಮೊಳೆ ಬೇಕು



ಕಂಪ್ಯೂಟರಿನಲ್ಲಿ ಕನ್ನಡ ಬೇಕೆಂದು ಬೀದಿಯಲ್ಲಿ ಕೂಗಿದರಷ್ಟೇ ಸಾಲದು, ತಂತ್ರಾಂಶ ಬರೆಯುವವರೂ ನೀವೇ ಆಗಬೇಕು. ಬರೆಯುವ ಮೊದಲು ಕೇಳಿಕೊಳ್ಳಿ: ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ಇದು ಎಲ್ಲ ಕಂಪ್ಯೂಟರಿನಲ್ಲೂ ಓಡುತ್ತದೆ?

ಹಂಗೇರಿಯ ಲಾಸ್ಲೋ ನೇಮೆತ್ ಅವರನ್ನು ನೋಡಿ. ಅವರ ನುಡಿಯೂ ನಮ್ಮದರಂತೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸುವಂಥದ್ದು. ಆಗಿದ್ದ ಸ್ಪೆಲ್‌ಚೆಕರ್ ಅದಕ್ಕೆ ಸಾಲಲಿಲ್ಲ. ಅವರು ಗೊಣಗುತ್ತ ಕೂರಲಿಲ್ಲ, ಹನ್‌ಸ್ಪೆಲ್ ಕಟ್ಟಿದರು. ಅದು ಇರುವುದು ಒಂದೇ ಕಂಪನಿಯ ತಂತ್ರಾಂಶದೊಳಗೆ ಮಾತ್ರ ನಡೆಯುವ ಭಾಷೆಯಲ್ಲಲ್ಲ, ಸಿ ಪ್ಲಸ್ ಪ್ಲಸ್‌ನಲ್ಲಿ. ಅದರ ಕಂಪೈಲರ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಉಂಟು. ಪದಪಟ್ಟಿ, ವ್ಯಾಕರಣದ ನಿಯಮ ಬೇರೆ ಕಡತದಲ್ಲಿ. ಮೂಲ ಸಂಕೇತ ಎಲ್ಲರಿಗೂ ಮುಕ್ತ. ಫಲವೇನು? 2008ರ ಫೈರ್‌ಫಾಕ್ಸ್ 3 ಅದನ್ನೇ ತೆಗೆದುಕೊಂಡಿತು, ಲಿಬ್ರೆಆಫೀಸ್‌ನಲ್ಲೂ ಅದೇ ಇದೆ. ಹಂಗೇರಿಯನ್ನಿಗೆಂದು ಮಾಡಿದ್ದು ಹತ್ತಾರು ನುಡಿಗಳಿಗೆ ಒದಗಿತು.

ಅಚ್ಚುಮೊಳೆಯ ಎತ್ತರ ಸರಿಯಿದ್ದರೆ ಯಂತ್ರ ಬದಲಾದರೂ ಅಚ್ಚಾಗುತ್ತದೆ. ಒಂದೇ ಯಂತ್ರಕ್ಕೆ ಹೊಂದುವ ಮೊಳೆ ಆ ಯಂತ್ರದ ಜೊತೆಯಲ್ಲೇ ಗುಜರಿಗೆ ಹೋಗುತ್ತದೆ.

ಪೈಥಾನ್ ಕಲಿಯಲು ಸುಲಭ, ಮೊದಲ ಪ್ರಯೋಗಕ್ಕೆ ಒಳ್ಳೆಯದೇ. ಆದರೆ ಅದು ಓಡಬೇಕಾದರೆ ಆ ಕಂಪ್ಯೂಟರಿನಲ್ಲಿ ಪೈಥಾನೂ ಇರಬೇಕು. ಸಿ, ಸಿ ಪ್ಲಸ್ ಪ್ಲಸ್‌ನಲ್ಲಿ ಶ್ರಮ ಹೆಚ್ಚು, ನಿಜ. ಆದರೆ ತಿರುಳನ್ನು ಅದರಲ್ಲಿ ಬರೆದಿಟ್ಟರೆ ಪೈಥಾನ್, ಜಾವಾದವರೂ ಕರೆದು ಬಳಸಬಹುದು.

ಕನ್ನಡ ಯಾವ ಕಂಪನಿಯ ಮರ್ಜಿಯಲ್ಲೂ ಬದುಕಬಾರದು. ಎಲ್ಲೆಡೆ ಓಡುವಂತೆ ಕಟ್ಟಿ, ಎಲ್ಲರಿಗೂ ಕೊಡಿ.

ಸಿರಿಗನ್ನಡಂ ಗೆಲ್ಗೆ!