ಬೆನ್ನೀರು, ತಣ್ಣೀರು

ನಮ್ಮ ಚಿತ್ರದುರ್ಗದ ಕೋಟೆಯೊಳಗೆ, ಒನಕೆ ಓಬವ್ವನ ಕಿಂಡಿಗೆ ಸಮೀಪದಲ್ಲಿ, ತಣ್ಣೀರು ದೋಣಿ ಎಂಬ ಪುಟ್ಟ ನೀರಿನ ತಾಣವಿದೆ. ಊರೆಲ್ಲ ಬಿಸಿಲಿಗೆ ಬೆಂದು ಬಂಡೆಗಳು ಕಾದ ಹೆಂಚಿನಂತಾಗಿದ್ದಾಗಲೂ ಆ ನೀರು ತಂಪಾಗಿರುತ್ತದೆಂಬ ಕಾರಣಕ್ಕೆ ಅದಕ್ಕೆ ಆ ಹೆಸರು. ಗಂಡ ಉಣ್ಣಲು ಕುಳಿತಾಗ ಓಬವ್ವ ನೀರು ತರಲೆಂದು ಬಂದದ್ದು ಇಲ್ಲಿಗೇ ಎಂದು ಜನ ತೋರಿಸುತ್ತಾರೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಇಲ್ಲಿಯವರಿಗೆ ನೀರು ಇರುವುದೇ ಒಂದು ಭಾಗ್ಯ. ಅದು ತಣ್ಣಗೂ ಇರುವುದು ಎರಡನೆಯ ಭಾಗ್ಯ. ಹೀಗಿರುವಾಗ, ನೆಲದೊಳಗಿನಿಂದ ತಾನೇ ಬಿಸಿಯಾಗಿ ಉಕ್ಕುವ ನೀರನ್ನು ಹುಡುಕಿಕೊಂಡು ಘಟ್ಟ ಇಳಿಯುವ ಹುಚ್ಚು ನನಗೇಕೆ ಹತ್ತಿತೆಂದು ನೀವು ಕೇಳಬಹುದು. ನಿಜ ಹೇಳುವುದಾದರೆ, ಆ ಹುಚ್ಚು ಹಿಡಿಸಿದ್ದು ನೀರಲ್ಲ, ಒಂದು ಶಬ್ದ.

ಕನ್ನಡನಾಡಿನಲ್ಲಿ ಬಿಸಿನೀರಿನ ಬುಗ್ಗೆಯೆಂದೊಡನೆ ನೆನಪಿಗೆ ಬರುವ ಹೆಸರು ಬೆಂದ್ರು ತೀರ್ಥ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದಲ್ಲಿ, ಅಡಕೆಯ ತೋಟಗಳ ನಡುವೆ ಅದು ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ನಾನು ಹಳಗನ್ನಡದ ಪಾಠ ಹೇಳಿ ಹೊಟ್ಟೆ ಹೊರೆದವನು. ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ, ಸಂತೆಯಲ್ಲಿ ತವರಿನ ನೆಂಟರನ್ನು ಕಂಡಷ್ಟು ಹಿಗ್ಗಾಯಿತು. ಹಳಗನ್ನಡದಲ್ಲಿಯೂ ಬಿಸಿನೀರಿಗೆ ಬೆನ್ನೀರ್ ಎಂಬ ಮಾತಿತ್ತು. ತಮಿಳರು ಇಂದಿಗೂ ವೆನ್ನೀರ್ ಎನ್ನುತ್ತಾರೆ. ನಾವು ತಣ್ಣೀರನ್ನು ಉಳಿಸಿಕೊಂಡೆವು, ಕಣ್ಣೀರನ್ನು ಉಳಿಸಿಕೊಂಡೆವು, ಮದುವೆಮನೆಯ ಪನ್ನೀರನ್ನೂ ಬಿಡಲಿಲ್ಲ. ಬೆನ್ನೀರನ್ನು ಮಾತ್ರ ಅದೆಲ್ಲಿಯೋ ಚೆಲ್ಲಿ ಬಂದೆವು. ನಮ್ಮ ಬಾಯಿಂದ ಜಾರಿದ ಶಬ್ದವೊಂದು ಪುತ್ತೂರಿನ ಹೊಳೆಯ ದಂಡೆಯಲ್ಲಿ ಇನ್ನೂ ಹಬೆಯಾಡುತ್ತಿದೆಯೆಂದರೆ ನೋಡದೆ ಇರುವುದು ಹೇಗೆ?

ಮೊದಲ ಸಲ ಹೋದದ್ದು 1986ರಲ್ಲಿ. ಆಗ ತಾನೇ ಉಪನ್ಯಾಸಕನಾಗಿದ್ದೆ. ವಿದ್ಯಾರ್ಥಿಗಳ ಪ್ರವಾಸದ ಹೊಣೆ ನನ್ನ ತಲೆಗೆ ಬಿದ್ದಿತ್ತು. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವನ್ನು ನೋಡಿಕೊಂಡು, ಅಲ್ಲಿಂದ ಬುಗ್ಗೆಯ ಕಡೆಗೆ ತಿರುಗಿದೆವು. ಭಾನುವಾರ, ನಡುಹಗಲು. ಕೊಳದ ಮೆಟ್ಟಿಲ ಮೇಲೆ ಕಾಲಿಡಲು ಎಡೆಯಿರಲಿಲ್ಲ. ಒಬ್ಬರು ಸೋಪು ಹಚ್ಚಿಕೊಳ್ಳುತ್ತಿದ್ದರು, ಇನ್ನೊಬ್ಬರು ಮಗುವನ್ನು ಅದ್ದುತ್ತಿದ್ದರು, ಮೂವರು ತರುಣರು ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂದ್ಯ ಕಟ್ಟಿದ್ದರು. ನೀರು ಬಿಸಿಯಾಗಿದ್ದದ್ದು ಬುಗ್ಗೆಯಿಂದಲೋ ಜನರ ಮೈಶಾಖದಿಂದಲೋ ಹೇಳುವಂತಿರಲಿಲ್ಲ. ನಾನು ಅಂಗೈಯಲ್ಲಿ ಒಂದು ಬೊಗಸೆ ಎತ್ತಿಕೊಂಡು, ಗಂಧಕದ ವಾಸನೆ ನೋಡಿ, ಮುಖ ಸಿಂಡರಿಸಿಕೊಂಡು ಹಿಂದಿರುಗಿದೆ. ಬಸ್ಸಿನಲ್ಲಿ ಕುಳಿತು ಊರು ಬರುವವರೆಗೂ ಜನಜಂಗುಳಿಯನ್ನು ಬೈದೆ. ನಲವತ್ತು ಮಂದಿ ಹುಡುಗ ಹುಡುಗಿಯರನ್ನು ಒಂದೇ ಬಸ್ಸಿನಿಂದ ಆ ಪುಟ್ಟ ಕೊಳಕ್ಕೆ ಇಳಿಸಿದವನು ನಾನೇ ಎಂಬುದು ಆಗ ಹೊಳೆಯಲಿಲ್ಲ. ಜಂಗುಳಿಯೆಂಬುದು ಯಾವಾಗಲೂ ಉಳಿದವರು ತಾನೇ!

ಬಿಸಿನೀರಿನ ಬುಗ್ಗೆಗೂ ಜಂಗುಳಿಗೂ ಇರುವ ನಂಟು ಬಹಳ ಹಳೆಯದು. ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜಗೃಹದ ಬಳಿ ತಪೋದವೆಂಬ ಬಿಸಿನೀರಿನ ತಾಣ. ಮಗಧದ ಅರಸನಾದ ಬಿಂಬಿಸಾರ ತಲೆಗೆ ನೀರೆರೆದುಕೊಳ್ಳಲೆಂದು ಅಲ್ಲಿಗೆ ಹೋದ. ಆಗಲೇ ಭಿಕ್ಷುಗಳು ನೀರಿಗಿಳಿದಿದ್ದರು. ಪೂಜ್ಯರು ಮುಗಿಸಲಿ ಎಂದು ಅರಸ ಒಂದು ಪಕ್ಕಕ್ಕೆ ನಿಂತ. ಪೂಜ್ಯರು ಕತ್ತಲಾಗುವವರೆಗೂ ಮೀಯುತ್ತಲೇ ಇದ್ದರು. ಬಳಿಕ ಅರಸ ಮಿಂದು ಹೊರಡುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು. ತನ್ನದೇ ಊರಿನ ಕೋಟೆಯ ಹೊರಗೆ ಅವನು ರಾತ್ರಿ ಕಳೆಯಬೇಕಾಯಿತು. ಸಂಗತಿ ತಿಳಿದ ಬುದ್ಧ ಭಿಕ್ಷುಗಳನ್ನು ಆಕ್ಷೇಪಿಸಿ, ಇನ್ನು ಮುಂದೆ ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚು ಮೀಯಕೂಡದೆಂದು ನಿಯಮ ಮಾಡಿದನಂತೆ. ಆಮೇಲೆ ಬೇಸಿಗೆಗೆ, ಕಾಯಿಲೆಗೆ, ಪ್ರಯಾಣಕ್ಕೆ ಎಂದು ಒಂದೊಂದಾಗಿ ವಿನಾಯಿತಿಗಳೂ ಬಂದವು. ನಿಯಮಗಳ ಹಣೆಬರಹವೇ ಅದು. ನನಗೆ ಈ ಕತೆಯಲ್ಲಿ ಮೆಚ್ಚುಗೆಯಾಗುವುದು ಅರಸ ಕಾದದ್ದು. ಕಾವಲಿನವರನ್ನು ಕಳಿಸಿ ಕೊಳವನ್ನು ತೆರವು ಮಾಡಿಸುವುದು ಅವನಿಗೆ ಕಷ್ಟವೇನಾಗಿತ್ತು?

ಹಾಗೆಂದು ಜಂಗುಳಿಯನ್ನು ನಾನು ಕೀಳಾಗಿ ಕಾಣಲಾರೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹರಿದುಬಂತು. 1933ರ ಬಳಿಕ ಅದು ಕೋಡಿ ಬಿದ್ದದ್ದು ಅದೇ ಮೊದಲು. ಅಜ್ಜಂದಿರ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಾಣಲು ಮುದುಕಿಯರು ಮೊಮ್ಮಕ್ಕಳ ಹೆಗಲು ಹಿಡಿದುಕೊಂಡು ಬಂದಿದ್ದರು. ನೀರು ಕಾಣದ ಜನ ನೀರನ್ನು ನೋಡಲು ಗುಂಪು ಕೂಡಿದರೆ ಅದು ಜಾತ್ರೆಯೇ ಹೊರತು ಗದ್ದಲವಲ್ಲ. ಅಲ್ಲಿ ನಾನೂ ನೂಕಿಸಿಕೊಂಡೆ, ಬೇಸರವಾಗಲಿಲ್ಲ.

ಎರಡನೆಯ ಸಲ ಬೆಂದ್ರು ತೀರ್ಥಕ್ಕೆ ಹೋದದ್ದು ಕಳೆದ ಮಾಗಿಯಲ್ಲಿ. ನನ್ನಾಕೆಗೆ ಮೊಣಕಾಲು ನೋವು. ಗಂಧಕದ ನೀರು ಒಳ್ಳೆಯದಂತೆ ಎಂದು ಯಾರೋ ಹೇಳಿದ್ದರು. ಪುತ್ತೂರಿನ ಕಡೆ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆ. “ಭಾನುವಾರ ಬೇಡ ಸರ್. ಅಮಾವಾಸ್ಯೆಗಂತೂ ಬೇಡವೇ ಬೇಡ, ತೀರ್ಥಸ್ನಾನಕ್ಕೆ ಊರಿಗೆ ಊರೇ ಬರುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ, ಮಳೆಗಾಲದಲ್ಲಿ ಹೊಳೆಯ ಭಯ. ಚಳಿಯಲ್ಲಿ ಒಂದು ಬುಧವಾರವೋ ಗುರುವಾರವೋ ಬನ್ನಿ. ಸೂರ್ಯ ಹುಟ್ಟುವ ಮೊದಲೇ ನಾವು ಅಲ್ಲಿರಬೇಕು” ಎಂದ. ನಾನು ಪಾಠ ಹೇಳುತ್ತಿದ್ದಾಗ ಒಂದು ದಿನವೂ ಹೊತ್ತಿಗೆ ಸರಿಯಾಗಿ ತರಗತಿಗೆ ಬಾರದವನು ಇವನೇ.

ಹೊಳಲ್ಕೆರೆ, ಹೊಸದುರ್ಗಗಳನ್ನು ಹಾದು, ಹಾಸನದ ಮೇಲೆ ಶಿರಾಡಿ ಘಾಟಿ ಇಳಿದೆವು. ಮರುದಿನ ಇನ್ನೂ ನಸುಗತ್ತಲು ಇರುವಾಗಲೇ ಶಿಷ್ಯ ನಮ್ಮನ್ನು ಕರೆದುಕೊಂಡು ಹೊರಟ. ತೋಟಗಳ ಮೇಲೆ ಮಂಜು ಕವಿದಿತ್ತು. ಅಡಕೆಯ ಸೋಗೆಗಳಿಂದ ಹನಿ ತೊಟ್ಟಿಕ್ಕುವ ಸದ್ದು, ಹೊಳೆಯ ಕಡೆಯಿಂದ ಒಂದು ಹಕ್ಕಿಯ ಕೂಗು, ಇಷ್ಟೇ. ಕೊಳದ ಬಳಿ ಮುಟ್ಟಾಳೆ ತೊಟ್ಟ ಒಬ್ಬ ವೃದ್ಧರ ಹೊರತು ಯಾರೂ ಇರಲಿಲ್ಲ. ಮೂವತ್ತು ವರ್ಷಗಳಿಗೂ ಮೀರಿ ಕಾದ ಏಕಾಂತ ಕೊನೆಗೂ ದೊರಕಿತೆಂದುಕೊಂಡು ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟೆ.

ನೀರು ಬೆಚ್ಚಗಿತ್ತು. ಅಷ್ಟೇ, ಬೆಚ್ಚಗಿತ್ತು. ಬಾಣಂತಿಗೆ ಹದ ಮಾಡಲು ತಣ್ಣೀರು ಹೆಚ್ಚಾಗಿ ಬಿದ್ದುಹೋದ ಹಂಡೆಯ ನೀರಿನ ಹಾಗೆ. ಅದನ್ನು ಹಿಂದೆ ಅಳೆದವರು 37ರಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದ್ದಾರೆ. ನನ್ನ ಕೈಯಲ್ಲಿ ಶಾಖಮಾಪಕವಿರಲಿಲ್ಲ. ಆದರೆ ಅಂಗೈಯಲ್ಲಿ ಹಳೆಯ ಒಂದು ಬೊಗಸೆಯ ನೆನಪಿತ್ತು. ಮೆಟ್ಟಿಲ ಮೇಲೆ ನೀರು ಮೊದಲು ನಿಲ್ಲುತ್ತಿದ್ದ ಗುರುತು ನಾವು ನಿಂತಲ್ಲಿಗಿಂತ ಮೇಲಿತ್ತು. ವೃದ್ಧರು ನಮ್ಮನ್ನು ನೋಡುತ್ತಿದ್ದರು. “ಮೊದಲು ಈ ಹೊತ್ತಿಗೆ ಬಂದರೆ ಹಬೆ ಏಳುತ್ತಿತ್ತು. ಈಗ ಸುತ್ತ ಎಲ್ಲ ಬೋರುಗಳಾದವಲ್ಲ” ಎಂದರು. ನಮ್ಮದೂ ಒಂದು ಇದೆ ಎಂದು ತಾವೇ ಸೇರಿಸಿದರು. ಆ ಪ್ರಾಮಾಣಿಕತೆ ನನ್ನ ಬಾಯಿ ಕಟ್ಟಿಹಾಕಿತು.

ಇಲ್ಲಿ ಬುಗ್ಗೆಯ ಮರ್ಮವನ್ನು ಸ್ವಲ್ಪ ಹೇಳಬೇಕು. ಬೆಂದ್ರು ತೀರ್ಥದ ಕೆಳಗೆ ಜ್ವಾಲಾಮುಖಿಯೇನೂ ಇಲ್ಲ. ಎತ್ತರದ ನೆಲದ ಮೇಲೆ ಬಿದ್ದ ಮಳೆನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿ ಭೂಮಿಯ ಒಡಲಿನ ಶಾಖದಿಂದ ಕಾದು, ಹಿಂದಿನಿಂದ ಬರುವ ನೀರಿನ ಒತ್ತಡಕ್ಕೆ ಇನ್ನೊಂದು ಬಿರುಕಿನಲ್ಲಿ ಮೇಲೇರಿ, ಆರುವ ಮೊದಲೇ ಹೊರಬೀಳುತ್ತದೆ. ಕೊಂಕಣದ ವಜ್ರೇಶ್ವರಿ, ಉನ್ಹವರೆಗಳಲ್ಲಿ ಇಂಥ ಬುಗ್ಗೆಗಳುಂಟು. ಹಿಮಾಚಲದ ಮಣಿಕರ್ಣದಲ್ಲಿ ನೀರು ಎಷ್ಟು ಬಿಸಿಯೆಂದರೆ ಅದರಲ್ಲಿ ಅಕ್ಕಿಯನ್ನು ಬೇಯಿಸುತ್ತಾರೆ. ನಮ್ಮ ಒಳನಾಡಿನ ಬಂಡೆಗಳು ಮಾತ್ರ ತೀರ ಹಳೆಯವು, ತಣಿದವು. ಲೋಕದ ಬಹುಭಾಗದಲ್ಲಿ ಒಂದು ಕಿಲೋಮೀಟರು ಆಳಕ್ಕೆ 25ರಿಂದ 30 ಡಿಗ್ರಿ ಶಾಖ ಏರಿದರೆ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮೀರಿ ಇಳಿದಾಗ ಅದು ಏರಿದ್ದು ಕಿಲೋಮೀಟರಿಗೆ ಹದಿನೈದು ಡಿಗ್ರಿಯನ್ನೂ ಮುಟ್ಟದಷ್ಟು. ಹಿರಿಯೂರಿನ ದಾರಿಯಲ್ಲಿ ಐಮಂಗಲದ ಕಡೆ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿದ ಲಾವಾರಸ ತಲೆದಿಂಬುಗಳನ್ನು ಪೇರಿಸಿದ ಹಾಗೆ ಹೆಪ್ಪುಗಟ್ಟಿ ನಿಂತಿದೆ; ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಯ್ದಿದ್ದಾರೆ. ನಮ್ಮ ನೆಲದಲ್ಲಿಯೂ ಬೆನ್ನೀರು ಕುದಿದ ಕಾಲವೊಂದಿತ್ತು. ಅದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಮಾತು. ಅಂಥ ನಾಡಿನಲ್ಲಿ ಬಿಸಿನೀರು ಉಕ್ಕುವುದೇ ಅಪರೂಪ. ಸುತ್ತಲಿನ ಕೊಳವೆಬಾವಿಗಳು ಅಂತರ್ಜಲವನ್ನು ಸೆಳೆದರೆ ಒತ್ತಡ ಕುಗ್ಗುತ್ತದೆ. ಮೇಲೇರುವ ಬಿಸಿನೀರು ನಿಧಾನಿಸಿ, ದಾರಿಯಲ್ಲಿ ತಣ್ಣೀರಿನೊಡನೆ ಬೆರೆತು ಆರಿಹೋಗುತ್ತದೆ.

ನಾನು ಜಂಗುಳಿಯಿಲ್ಲದ ಹೊತ್ತನ್ನು ಹುಡುಕಿಕೊಂಡು ಹೋಗಿದ್ದೆ. ಸೋಪಿನ ಮನುಷ್ಯ, ಪಂದ್ಯದ ತರುಣರು ಯಾರೂ ಅಲ್ಲಿರಲಿಲ್ಲ. ಮಿಂದವರು ನೀರನ್ನು ಕಲಕುತ್ತಾರೆ, ಸಂಜೆಗೆ ಮನೆಗೆ ಹೋಗುತ್ತಾರೆ; ಬುಗ್ಗೆ ರಾತ್ರಿಯೆಲ್ಲ ಉಕ್ಕಿ ಮತ್ತೆ ತಿಳಿಯಾಗುತ್ತದೆ. ನೆಲದಡಿಯಲ್ಲಿ ಕೊಳವೆಗಳನ್ನಿಳಿಸಿ ಕುಳಿತವರ ಸಾಲು ಹಾಗೆ ಏಳುವುದಿಲ್ಲ. ಅದಕ್ಕೆ ಬುಧವಾರವೂ ಇಲ್ಲ, ನಸುಕೂ ಇಲ್ಲ.

ನನ್ನಾಕೆ ಮೊಣಕಾಲವರೆಗೆ ನೀರಿನಲ್ಲಿ ನಿಂತು ಏನನ್ನೋ ಯೋಚಿಸುತ್ತಿದ್ದವಳು, “ಏನೂಂದ್ರೆ, ಇದು ನಮ್ಮಣ್ಣನ ತೋಟದ ಬೋರಿನ ನೀರಿನ ಹಾಗೇ ಇದೆಯಲ್ಲ!” ಎಂದಳು.

ಆ ಮಾತು ಅವಳಿಗೆ ಬರಿಯ ತಮಾಷೆ. ನನಗೆ ಕಾಲಡಿಯ ಮೆಟ್ಟಿಲು ಜಾರಿದಂತಾಯಿತು. ಅವಳ ತವರು ಹೊಸದುರ್ಗ ತಾಲ್ಲೂಕು. ನಮ್ಮ ಮದುವೆಯಾದಾಗ ಅವರ ತೆಂಗಿನ ತೋಟದಲ್ಲಿದ್ದದ್ದು ನಲವತ್ತು ಅಡಿಯ ತೋಡುಬಾವಿ. ಅದರ ಮೆಟ್ಟಿಲಿಳಿದು ನಾನು ಬೊಗಸೆಯಲ್ಲಿ ನೀರು ಕುಡಿದವನು; ಹಲ್ಲು ಜುಮ್ಮೆನ್ನುವಷ್ಟು ತಂಪಾಗಿತ್ತು. ಆ ಬಾವಿ ಬತ್ತಿತು. ಮೊದಲ ಬೋರು, ಎರಡನೆಯ ಬೋರು ಬತ್ತಿದವು. ಮೂರನೆಯದು 740 ಅಡಿಗೆ ಹೋಯಿತು. ಅದಕ್ಕೆ ಹಣ ಸಾಲದೆ ಬಂದಾಗ ನನ್ನ ಭಾವನವರು ಕೇಳಿದ್ದು ನನ್ನನ್ನೇ. ನಿವೃತ್ತಿಯ ಹಣದಿಂದ ಕೊಟ್ಟೆ. ಒಣಗುತ್ತಿದ್ದ ಮರಗಳನ್ನು ಕಣ್ಣೆದುರಿಗೆ ಕಂಡು ಇಲ್ಲವೆನ್ನುವುದು ಹೇಗೆ? ಇಂದು ಕೇಳಿದರೂ ಕೊಟ್ಟೇನು. ಅದೇ ನನಗೆ ಸಂಕಟ. ಮಾಗಿಯ ಬೆಳಗಿನಲ್ಲಿ ಆ ಬೋರಿನ ನೀರು ತೊಟ್ಟಿಗೆ ಬೀಳುವಾಗ ಹಬೆಯಾಡುತ್ತದೆ. ಮಕ್ಕಳು ಸಂತೋಷದಿಂದ ಕೈಯೊಡ್ಡುತ್ತಾರೆ. ಅದು ಬುಗ್ಗೆಯಲ್ಲ, ಹೊರಗಿನ ಗಾಳಿಗಿಂತ ನೆಲದಾಳ ಬೆಚ್ಚಗಿದೆ ಎಂಬುದಷ್ಟೇ ಅದರ ಅರ್ಥ, ಮತ್ತು ನಾವು ಎಷ್ಟು ಆಳಕ್ಕೆ ಇಳಿದಿದ್ದೇವೆ ಎಂಬುದು.

ನನ್ನಾಕೆ ಅರ್ಧ ಗಂಟೆ ಕಾಲು ನೆನೆಸಿಕೊಂಡಳು. ನೋವು ಕಡಿಮೆಯಾಯಿತೆಂದಳು, ಮೂರು ದಿನ ಕಡಿಮೆಯಾಗಿಯೂ ಇತ್ತು. ಹೊತ್ತು ಏರುತ್ತಿದ್ದಂತೆ ಒಂದು ವ್ಯಾನು ಬಂದು ನಿಂತಿತು. ಮಕ್ಕಳು ಕೂಗುತ್ತ ಇಳಿದರು. ನಾವು ಮೆಟ್ಟಿಲು ಬಿಟ್ಟುಕೊಟ್ಟೆವು. ಈ ಸಲ ನನಗೆ ಆ ಕೂಗು ಕರ್ಕಶವೆನಿಸಲಿಲ್ಲ. ಇಂಥ ಜಾಗಕ್ಕೆ ಯಾರೂ ಬಾರದೆ ಹೋಗುವ ದಿನವೂ ಬಂದೀತು ಎಂದು ಒಮ್ಮೆ ಅನಿಸಿದವನಿಗೆ ಜಂಗುಳಿ ಅಷ್ಟು ಅಪ್ರಿಯವಲ್ಲ.

ಹಿಂದಿರುಗುವಾಗ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋಗೋಣವೆಂದು ನನ್ನಾಕೆ ಹಟ ಹಿಡಿದಳು. ಅಲ್ಲಿ ಗಂಗಮ್ಮನ ಕೊಳವಿದೆ. ನೆಲದಿಂದ ತಾನೇ ಜಿನುಗುವ ನೀರು. ಭಕ್ತರು ದಡದಲ್ಲಿ ಕುಳಿತು ಬೇಡಿಕೊಂಡರೆ ಬಾಳೆಹಣ್ಣೋ ಬಳೆಯೋ ನೀರಿನೊಳಗಿನಿಂದ ತೇಲಿ ಬರುತ್ತದೆಂಬ ನಂಬಿಕೆ. ಹಬ್ಬದ ದಿನಗಳಲ್ಲಿ ಅಲ್ಲಿ ಕಾಲಿಡಲು ಆಗುವುದಿಲ್ಲ. ನಾವು ಹೋದದ್ದು ವಾರದ ನಡುವಿನ ಒಂದು ಮಧ್ಯಾಹ್ನ. ಒಂದೆರಡು ಸಂಸಾರಗಳಷ್ಟೇ ಇದ್ದವು. ಸುತ್ತಲಿನ ಹೊಲಗಳು ಬೋಳಾಗಿದ್ದವು, ಕೊಳ ಮಾತ್ರ ತುಂಬಿತ್ತು. ತಳದಿಂದ ಒಂದೊಂದೇ ಗುಳ್ಳೆ ಎದ್ದು ಮೇಲೆ ಬಂದು ಒಡೆಯುತ್ತಿತ್ತು. ಏನು ಬೇಡಿಕೊಳ್ಳುತ್ತೀಯೆಂದು ನಾನು ಕೇಳಲಿಲ್ಲ. ಅವಳು ನೋವಿನ ಕಾಲನ್ನು ಹಗುರಾಗಿ ಮಡಿಸಿ ಕುಳಿತು, ಬಾಗಿ, ಅಂಗೈಯನ್ನು ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಾಗೇ ಇರಿಸಿದಳು.

“ತಣ್ಣಗಿದೆ ಕಣ್ರೀ” ಎಂದಳು.