ಜಾಮೀನು ಕೊಡಲಾರದವರ ಸೆರೆಮನೆ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸೆರೆಮನೆಯೆಂದರೆ ಶಿಕ್ಷೆಯಾದವರ ಜಾಗವೆಂದು ನಾವು ತಿಳಿದಿದ್ದೇವೆ. ಸರಕಾರದ ಲೆಕ್ಕವೇ ಬೇರೆ ಹೇಳುತ್ತದೆ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ಸ್ಥಳವಿದ್ದುದು 4,36,266 ಮಂದಿಗೆ, ಒಳಗಿದ್ದವರು 5,73,220. ಇವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ತೀರ್ಪು ಇನ್ನೂ ಬರಬೇಕಾಗಿದ್ದ ಜನರಿಂದಲೇ ಇಡೀ ದೇಶದ ಸೆರೆಮನೆಗಳು ಹೆಚ್ಚುಕಡಿಮೆ ಭರ್ತಿ!

ಜೈಲು ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ. ಛತ್ರದವನು ಜಾಗವಿಲ್ಲವೆಂದು ಬಾಗಿಲು ಹಾಕಿಕೊಳ್ಳಬಹುದು. ಕೋರ್ಟಿನ ವಾರಂಟು ಹಿಡಿದು ಬಂದವನನ್ನು ಜೈಲಿನವರು ಹಿಂದಕ್ಕೆ ಕಳಿಸುವಂತಿಲ್ಲ. ಮೂವತ್ತು ಜನರ ಕೊಠಡಿಯಲ್ಲಿ ನಲವತ್ತು ಜನ ಮಲಗಿದರೆ ನೀರು, ಕಕ್ಕಸು, ವೈದ್ಯರ ಸಮಯ ಎಲ್ಲವೂ ಹಂಚಿ ಹರಿದುಹೋಗುತ್ತವೆ. ಕಜ್ಜಿ ಒಬ್ಬನಿಗೆ ಹತ್ತಿದರೆ ಸಾಲಿಗೆಲ್ಲ ಹತ್ತುತ್ತದೆ. ಶಿಕ್ಷೆಯಾದವರನ್ನೂ ಆಗದವರನ್ನೂ ಬೇರೆ ಇಡಬೇಕೆಂದು 1894ರ ಕಾಯಿದೆಯೇ ಹೇಳಿತ್ತು. ಜಾಗವಿಲ್ಲದೆ ಬೇರೆ ಇಡುವುದೆಲ್ಲಿ? ವಿಚಾರಣೆಯ ದಿನ ಬೆಂಗಾವಲಿಗೆ ಪೊಲೀಸರು ಸಿಗದಿದ್ದರೆ ಮತ್ತೊಂದು ತಾರೀಖು. ಈಗ ಪರದೆಯ ಮೇಲೆ ಮುಖ ತೋರಿಸುವ ಏರ್ಪಾಡಿದೆ. ಹಾಗೆ ಸಿಕ್ಕ ತಾರೀಖೂ ತಾರೀಖೇ.

ಇನ್ನು ಜಾಮೀನಿನ ಮಾತು. ಕೋರ್ಟು ಜಾಮೀನು ಕೊಟ್ಟಿತೆಂದು ಕೇಳಿ ಮನೆಯವರು ಸಂತೋಷಪಡುತ್ತಾರೆ. ಆಮೇಲೆ ಹೊಣೆ ನಿಲ್ಲುವವನ ಪಹಣಿ ತನ್ನಿ, ಕಂದಾಯದ ರಸೀತಿ ತನ್ನಿ ಎನ್ನುತ್ತಾರೆ. ಬಾಡಿಗೆ ಮನೆಯ ಮಗ್ಗದವನು, ತಳ್ಳುಗಾಡಿಯ ವ್ಯಾಪಾರಿ ಇದನ್ನು ಯಾರಿಂದ ತಂದಾನು? ಜಮೀನಿದ್ದವನು ಅದೇ ಆಪಾದನೆಯ ಮೇಲೆ ಸಂಜೆಯೇ ಮನೆ ಸೇರುತ್ತಾನೆ.

1979ರಲ್ಲಿ ಬಿಹಾರದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಆಪಾದಿತ ಅಪರಾಧಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆತವರು ಕಂಡುಬಂದರು. ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂದು ಕೋರ್ಟು ಅಂದೇ ಹೇಳಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ನಾವು ತಿಳಿದಿರಬೇಕು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದರೆ ಬಿಡುಗಡೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಹಲವು ಮೊಕದ್ದಮೆಗಳಿದ್ದವರಿಗೂ ಇಲ್ಲ. ಅವಧಿ ತುಂಬಿದೊಡನೆ ಕೋರ್ಟಿಗೆ ಬರೆಯುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಜಾಮೀನಾಗಿ ಏಳು ದಿನವಾದರೂ ಹೊರಬರದವನ ವಿಷಯವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿದೆ.

ಹಾಗೆ ತಿಳಿಸಿದವರ ಸಂಖ್ಯೆ ನಮ್ಮ ಜಿಲ್ಲೆಯಲ್ಲಿ ಎಷ್ಟು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಅರ್ಜಿಯ ನಮೂನೆ ಸಂಘದ ಕಚೇರಿಯಲ್ಲಿದೆ; ಪಾಳಿ ಬಿಟ್ಟ ಮೇಲೆ ಬನ್ನಿ.